ಬೀರುವಿನ ಕ್ಯಾಮೆರಾಗೆ ಹೊಸ ಕಣ್ಣು

ನಿಮ್ಮ ಮನೆ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕ ಒಂದು ಕಪ್ಪು ಚೀಲ ಮಲಗಿದೆಯಾ? ಮಗು ಹುಟ್ಟಿದಾಗ ಮನೆಯವರು ಆಸೆಪಟ್ಟು ತಂದ ಡಿಎಸ್‌ಎಲ್‌ಆರ್ ಕ್ಯಾಮೆರಾ. ನಾಮಕರಣಕ್ಕೆ ಹೊರಬಂತು, ಮೊದಲ ಹುಟ್ಟುಹಬ್ಬಕ್ಕೆ ಬಂತು, ಒಂದು ಸಲ ತಿರುಪತಿಗೂ ಹೋಗಿ ಬಂತು. ಆಮೇಲೆ ಒಳ್ಳೆ ಫೋನ್ ಸಿಕ್ಕಿತು, ಚೀಲ ಬೀರು ಸೇರಿತು. ಬೊಮ್ಮನಹಳ್ಳಿ, ಹೊಂಗಸಂದ್ರ, ಬೇಗೂರು ರಸ್ತೆ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಕಥೆ. "ಅದರಲ್ಲಿ ಮುಖ ಚೆನ್ನಾಗಿ ಬರಲ್ಲ ಕಣ್ರೀ, ಅದಕ್ಕಿಂತ ಫೋನೇ ವಾಸಿ" ಅಂತ ನೀವೂ ಹೇಳಿರಬಹುದು.

ಕೆಲವು ವರ್ಷಗಳ ಹಿಂದೆ ನಮ್ಮ ಮಾವನವರು ತೀರಿಕೊಂಡಾಗ ಕರ್ಮದ ದಿನಕ್ಕೆ ಇಡಲು ಒಂದು ಫೋಟೊ ಬೇಕಾಯಿತು. ಫೋನುಗಳಲ್ಲಿ ಸಾವಿರಾರು ಚಿತ್ರಗಳಿದ್ದವು. ಅವರೊಬ್ಬರದೇ ಅಂತ ಒಂದೂ ಇರಲಿಲ್ಲ. ಕೊನೆಗೆ ಯಾರದೋ ಮದುವೆಯ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಿ, ಸ್ಟುಡಿಯೊದವರು ದೊಡ್ಡದು ಮಾಡಿಕೊಟ್ಟರು. ಅವರ ಭುಜದ ಪಕ್ಕ ಯಾರದೋ ಸೀರೆ ಅಂಚು ಇವತ್ತಿಗೂ ಇಣುಕುತ್ತಿದೆ. ಮನೆಯ ಹಿರಿಯರ ಮುಖದ್ದೊಂದು ಒಳ್ಳೆ ಚಿತ್ರವನ್ನು ಅವರಿರುವಾಗಲೇ ತೆಗೆದಿಡಬೇಕಿತ್ತು ಅನ್ನೋದು ಆಗ ಹೊಳೆಯಿತು. ನಾನು ಲೆನ್ಸಿನ ಬಗ್ಗೆ ವಿಚಾರಿಸೋಕೆ ಶುರುಮಾಡಿದ್ದು ಹಾಗೆ.

<b>ಇರೋ ಲೆನ್ಸ್ ಏನು ಹೇಳುತ್ತೆ?</b>

ಮೊದಲು ಆ ಚೀಲ ತೆಗೆಯಿರಿ. ಲೆನ್ಸಿನ ಮುಂದಿನ ಉಂಗುರದ ಮೇಲೆ ಬರೆದದ್ದನ್ನು ಓದಿ. ಬಹುಪಾಲು '18-55 ಎಂಎಂ, 3.5-5.6' ಅಂತ ಇರುತ್ತೆ. ಎಂಎಂ ಅಂದರೆ ಲೆನ್ಸ್ ದೃಶ್ಯವನ್ನು ಎಷ್ಟು ಹತ್ತಿರಕ್ಕೆ ಎಳೆಯುತ್ತೆ ಅನ್ನೋ ಲೆಕ್ಕ. ಎರಡನೆಯದು ಎಫ್ ಸಂಖ್ಯೆ, ಲೆನ್ಸಿನ ಕಿಟಕಿ ಎಷ್ಟು ತೆರೆಯುತ್ತೆ ಅನ್ನೋದು. ಇದು ಸ್ವಲ್ಪ ಉಲ್ಟಾ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಕಿಟಕಿ ದೊಡ್ಡದು, ಒಳಗೆ ಬರೋ ಬೆಳಕೂ ಜಾಸ್ತಿ.

ನಾವೆಲ್ಲ ಏನು ಮಾಡುತ್ತೇವೆ? ಉಂಗುರವನ್ನು 18ರಲ್ಲೇ ಬಿಟ್ಟು, ಮುಖ ದೊಡ್ಡದಾಗಿ ಬರಲಿ ಅಂತ ಒಂದೂವರೆ ಅಡಿ ಹತ್ತಿರ ಹೋಗಿ ಕ್ಲಿಕ್ ಮಾಡುತ್ತೇವೆ. ಅಷ್ಟು ಹತ್ತಿರದಿಂದ ಮೂಗು ಕ್ಯಾಮೆರಾಗೆ ಸಮೀಪ, ಕಿವಿ ದೂರ. ಹಾಗಾಗಿ ಮೂಗು ಬೋಂಡಾ ಥರ ಉಬ್ಬುತ್ತೆ, ಕಿವಿ ಹಿಂದೆ ಅಡಗುತ್ತೆ. ನಾಲ್ಕೈದು ಅಡಿ ದೂರ ನಿಂತರೆ ಈ ವ್ಯತ್ಯಾಸ ಕಡಿಮೆಯಾಗಿ, ಮುಖ ನಮಗೆ ಪರಿಚಯದ ಮುಖದ ಹಾಗೆ ಕಾಣುತ್ತೆ.

ಆದ್ದರಿಂದ ದುಡ್ಡು ಬಿಚ್ಚುವ ಮೊದಲು ಒಂದು ವಾರ ಈ ಪ್ರಯೋಗ ಮಾಡಿ. ಉಂಗುರವನ್ನು 55ಕ್ಕೆ ತಿರುಗಿಸಿ, ಹಿಂದೆ ಸರಿದು ನಿಲ್ಲಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಿಟಕಿ ಪಕ್ಕ ಮಗುವನ್ನೋ ಅತ್ತೆಯನ್ನೋ ಕೂರಿಸಿ ತೆಗೆಯಿರಿ. ಅರ್ಧ ಸಮಸ್ಯೆ ಇಲ್ಲೇ ತೀರುತ್ತೆ. ತೃಪ್ತಿಯಾಯಿತೇ? ಹಾಗಾದರೆ ಲೆನ್ಸ್ ಕೊಳ್ಳಬೇಡಿ, ಚೀಟಿ ದುಡ್ಡು ಹಾಗೇ ಇರಲಿ.

ಉಳಿದರ್ಧ ಬೆಳಕಿನದು. ಪಕ್ಕದ ಕಟ್ಟಡ ಕೈಗೆ ಸಿಗುವಷ್ಟು ಹತ್ತಿರ ಇರುವ ನಮ್ಮ ಗಲ್ಲಿಗಳಲ್ಲಿ ಮಧ್ಯಾಹ್ನವೇ ಟ್ಯೂಬ್‌ಲೈಟ್ ಹಾಕಬೇಕು. 55ರಲ್ಲಿ ನಿಮ್ಮ ಲೆನ್ಸಿನ ಕಿಟಕಿ 5.6ಕ್ಕಿಂತ ಹೆಚ್ಚು ತೆರೆಯಲ್ಲ. ಅದೇ 1.8ರ ಲೆನ್ಸ್ ಆದರೆ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತೆ. ಚಿತ್ರ ಅಲುಗಾಡಲ್ಲ, ರವೆ ಚೆಲ್ಲಿದಂಥ ಕಾಳುಕಾಳು ಇರಲ್ಲ, ಫ್ಲ್ಯಾಶ್ ಹಾಕಿ ಮುಖ ಸುಣ್ಣ ಬಳಿದಂತೆ ಮಾಡೋದೂ ಬೇಡ. ಹಿಂದಿನ ಒಗೆದ ಬಟ್ಟೆಯ ಹಗ್ಗ, ನೀರಿನ ಕ್ಯಾನು ಎಲ್ಲ ಮೆತ್ತಗೆ ಮಸುಕಾಗುತ್ತೆ. ಫೋನಿನ ಪೋರ್ಟ್ರೇಟ್ ಮೋಡ್ ಕೂಡ ಇದನ್ನು ಮಾಡುತ್ತೆ ಅಂತೀರಾ? ಮಾಡುತ್ತೆ, ಆದರೆ ಬಹುಪಾಲು ಲೆಕ್ಕ ಹಾಕಿ ಮಾಡುತ್ತೆ. ಕೆದರಿದ ಕೂದಲು, ಮಲ್ಲಿಗೆ ದಂಡೆ ಬಂದಾಗ ಎಷ್ಟೋ ಸಲ ಲೆಕ್ಕ ತಪ್ಪಿ ಅರ್ಧ ಹೂವನ್ನೇ ಮಾಯ ಮಾಡಿಬಿಡುತ್ತೆ.

<b>ಟೈಲ್ಸ್ ಎಣಿಸಿ ನೋಡಿ</b>

ಅಂಗಡಿಯಲ್ಲಿ ಮೂರು ಹೆಸರು ಕೇಳಿಬರುತ್ತವೆ: 35, 50 ಮತ್ತು 85. ಇವು ಜೂಮ್ ಆಗಲ್ಲ, ಹತ್ತಿರ-ದೂರ ಮಾಡಬೇಕಾದವರು ನೀವೇ. ಫಿಲಂ ಕಾಲದಿಂದಲೂ ಮುಖಕ್ಕೆ 85 ಒಳ್ಳೆಯದು ಅನ್ನೋ ಮಾತಿದೆ. ಆದರೆ ಮನೆಗಳಲ್ಲಿರೋ ಸಾಮಾನ್ಯ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ ಫಿಲಂಗಿಂತ ಚಿಕ್ಕದು. ಹಾಗಾಗಿ ನಿಕಾನ್‌ನಲ್ಲಿ ಒಂದೂವರೆ ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು ಸೇರಿಸಿಕೊಳ್ಳಬೇಕು. ಅಂದರೆ ನಿಮ್ಮ ಕ್ಯಾಮೆರಾದಲ್ಲಿ 50ರ ಲೆನ್ಸೇ 75ರಿಂದ 80ರ ಕೆಲಸ ಮಾಡುತ್ತೆ. 85ರ ಬೆಲೆಯೋ, 50ಕ್ಕಿಂತ ತುಂಬಾ ಜಾಸ್ತಿ.

ಬೆಲೆಗಿಂತ ದೊಡ್ಡ ಪ್ರಶ್ನೆ ಜಾಗದ್ದು. 20-30 ಸೈಟಿನ ಮನೆಯ ಹಾಲ್ ಎಷ್ಟಿರುತ್ತೆ? ಹತ್ತಕ್ಕೆ ಹನ್ನೆರಡು ಅಡಿ ಇದ್ದರೆ ಅದೃಷ್ಟ. ನೆಲಕ್ಕೆ ಎರಡಡಿಯ ಟೈಲ್ಸ್ ಹಾಕಿಸಿದ್ದರೆ ಅಳತೆ ಟೇಪೂ ಬೇಡ, ಎಣಿಸಿದರೆ ಸಾಕು. ಕ್ಯಾಮೆರಾ ಅಡ್ಡ ಹಿಡಿಯದೆ ಉದ್ದಕ್ಕೆ ಹಿಡಿದಿದ್ದೀರಿ ಅಂದುಕೊಳ್ಳಿ. 50ರಲ್ಲಿ ತಲೆ-ಭುಜದ ಚಿತ್ರಕ್ಕೆ ಎರಡು ಟೈಲ್ಸ್ ದೂರ ಸಾಕು, ಸೊಂಟದವರೆಗೆ ಬೇಕಾದರೆ ಮೂರು. ಸೀರೆ ನೆರಿಗೆ ಸಮೇತ ಪೂರ್ತಿ ನಿಲುವು ಬೇಕು ಅಂದರೆ ಆರು ದಾಟುತ್ತೆ, ನಿಮ್ಮ ಬೆನ್ನು ಗೋಡೆಗೆ ಹತ್ತುತ್ತೆ. 85ರಲ್ಲಿ ಸೊಂಟದವರೆಗಿನ ಚಿತ್ರಕ್ಕೇ ಐದು ಟೈಲ್ಸ್ ಬೇಕು. ಪೂರ್ತಿ ನಿಲುವಿಗೆ ಇಪ್ಪತ್ತೊಂದು ಅಡಿ, ಅಂದರೆ ನೀವು ರಸ್ತೆಗೇ ಇಳಿಯಬೇಕು! 35ರಲ್ಲಿ ಪೂರ್ತಿ ನಿಲುವು ಒಂಬತ್ತು ಅಡಿಯಲ್ಲೇ ಮುಗಿಯುತ್ತೆ. ಆದರೆ ಮುಖ ಮಾತ್ರ ತೆಗೆಯೋಕೆ ಹೋದರೆ ಮತ್ತೆ ತೀರಾ ಹತ್ತಿರ ಹೋಗಿ ಮೂಗಿನ ಗೋಳು ಶುರು.

ನನ್ನ ಮಾತು ಕೇಳಿದರೆ, ಹಿರಿಯರ ಮುಖಕ್ಕೆ 50 ತೆಗೆದುಕೊಳ್ಳಿ. ಓಡಾಡೋ ಮಕ್ಕಳು, ಹಬ್ಬದ ಮನೆ, ಪುಟ್ಟ ರೂಮು ಇವೇ ಜಾಸ್ತಿ ಅಂದರೆ 35. 85ರ ಆಸೆಯನ್ನು ಮುಂದಕ್ಕೆ ಹಾಕಿ. ದೂರದ್ದೂ ಬರುತ್ತೆ ಅಂತ ಅಂಗಡಿಯವರು 70-300ರ ಉದ್ದನೆ ಜೂಮ್ ತೋರಿಸಿದರೆ ನಕ್ಕು ಸುಮ್ಮನಾಗಿ. ಅದು ಹಕ್ಕಿ ನೋಡೋರಿಗೆ.

<b>ಕೊಳ್ಳುವಾಗ ಮೋಸ ಹೋಗಬೇಡಿ</b>

ಕ್ಯಾನನ್ ಇದ್ದವರಿಗೆ ಕೆಲಸ ಸುಲಭ. 50 ಎಂಎಂ 1.8 ಲೆನ್ಸಿನಲ್ಲಿ 2015ರಲ್ಲಿ ಬಂದ 'ಎಸ್‌ಟಿಎಂ' ಕೇಳಿ. ಹೊಸದು ಸುಮಾರು ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುವಂಥದ್ದು. 1990ರ ಹಳೇ ಮಾದರಿ ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೂ ಅಗ್ಗ. ಆದರೆ ಕ್ಯಾಮೆರಾಗೆ ಕೂರುವ ಅದರ ಬುಡ ಪ್ಲಾಸ್ಟಿಕ್ಕು, ಫೋಕಸ್ ಮಾಡುವಾಗ ಮಿಕ್ಸಿ ಥರ ಗುರ್ ಅನ್ನುತ್ತೆ. ಮಲಗಿದ ಮಗುವಿನ ಫೋಟೊಗೆ ಆಗಿಬರಲ್ಲ. ಹೊಸದರ ಬುಡ ಲೋಹದ್ದು, ಸದ್ದೂ ಕಡಿಮೆ. ಚೀನಾದ ಯೋಂಗ್‌ನುವೊ ಕಂಪನಿಯ 50 ಕೂಡ ಅಗ್ಗಕ್ಕೆ ಸಿಗುತ್ತೆ. ಸ್ವಲ್ಪ ಉಳಿತಾಯಕ್ಕೋಸ್ಕರ ನಾನಂತೂ ಅದನ್ನು ಆರಿಸಲ್ಲ.

ನಿಕಾನ್ ಇದ್ದವರು ಮಾತ್ರ ಸ್ವಲ್ಪ ಎಚ್ಚರ. 50 ಎಂಎಂ 1.8ರಲ್ಲಿ 'ಡಿ' ಮತ್ತು 'ಜಿ' ಅಂತ ಎರಡಿವೆ. ಡಿ ಅಗ್ಗ, ಆದರೆ ಅದರೊಳಗೆ ಮೋಟಾರ್ ಇಲ್ಲ. ಡಿ3000 ಅಥವಾ ಡಿ5000 ಸಾಲಿನ ಕ್ಯಾಮೆರಾ, ಅಂದರೆ ಡಿ3200, ಡಿ3400, ಡಿ5300 ಥರದ್ದು ನಿಮ್ಮದಾದರೆ ಕ್ಯಾಮೆರಾದೊಳಗೂ ಮೋಟಾರ್ ಇಲ್ಲ. ಆ ಲೆನ್ಸ್ ತಾನಾಗಿ ಫೋಕಸ್ ಆಗಲ್ಲ, ಪ್ರತಿ ಸಲ ಕೈಯಲ್ಲಿ ತಿರುಗಿಸುತ್ತಾ ಕೂರಬೇಕು. 2011ರಲ್ಲಿ ಬಂದ ಜಿ ಮಾದರಿಯನ್ನೇ ಕೇಳಿ, 'ಎಎಫ್-ಎಸ್' ಅನ್ನೋ ಅಕ್ಷರ ಇದೆಯಾ ನೋಡಿ. 35ರಲ್ಲಾದರೆ 2009ರ 'ಡಿಎಕ್ಸ್ 35 ಎಂಎಂ 1.8 ಜಿ'. ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಈ ಹಳೇ ಲೆನ್ಸ್ ಹಾಕಲು ಅಡಾಪ್ಟರ್ ಬೇಕಾಗುತ್ತೆ. ಅದರ ಬೆಲೆಯನ್ನೂ ಕೂಡಿಸಿ ನೋಡಿ.

2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೆ ಪೇಟೆಗೆ ಹೋಗೋದು ಕಷ್ಟವೇನಲ್ಲ. ಬೊಮ್ಮನಹಳ್ಳಿಯಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಹತ್ತಿರ. ಕ್ಯಾಮೆರಾವನ್ನು ಜೊತೆಗೇ ಒಯ್ಯಿರಿ, ಲೆನ್ಸ್ ಹಾಕಿ ನೋಡದೆ ದುಡ್ಡು ಕೊಡಬೇಡಿ. ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀವಿ ಅಂದರೆ ಒಪ್ಪಬೇಡಿ, ವಾರಂಟಿ ಹೋಗುತ್ತೆ. ಒಂದೇ ಒಂದು ಸೀಮಂತವೋ ನಾಮಕರಣವೋ ಇದ್ದರೆ ದಿನದ ಬಾಡಿಗೆಗೂ ಲೆನ್ಸ್ ಸಿಗುತ್ತೆ. ಗುರುತಿನ ಚೀಟಿ, ಡಿಪಾಜಿಟ್ ಕೇಳ್ತಾರೆ. ಕೊಳ್ಳುವ ಮೊದಲು ಒಂದು ದಿನ ಹೀಗೆ ಬಳಸಿ ನೋಡೋದು ಜಾಣತನ.

ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ಮರೆಯಬೇಡಿ. ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬೇಡ. ಹೊರಗಿನ ಗೀರಿಗೆ ಅಷ್ಟು ಹೆದರಬೇಕಿಲ್ಲ. ಅಂಚು ನೆಗ್ಗಿದ್ದರೆ ಬಿದ್ದ ಮಾಲು ಅಂತ ತಿಳಿಯಿರಿ. ಪತ್ರಿಕೆಯ ಪುಟವೊಂದನ್ನು 1.8ರಲ್ಲಿ ತೆಗೆದು, ದೊಡ್ಡದು ಮಾಡಿ ಅಕ್ಷರ ಓದಿ ನೋಡಿ. ಅಪರಿಚಿತರ ಮನೆಗೆ ಒಬ್ಬರೇ ಹೋಗಬೇಡಿ, ಮೆಟ್ರೊ ನಿಲ್ದಾಣದ ಹತ್ತಿರ ಬರಹೇಳಿ.

ತಂದ ಮೇಲೆ ಮತ್ತೆ ಸೀರೆ ಪಕ್ಕ ಇಟ್ಟೀರಾ ಜೋಕೆ! ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಬರೋದೇ ಮುಚ್ಚಿದ ಚೀಲದಲ್ಲಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿದೆ ಅಂತ ಅರ್ಥ. ಬದಲಾಯಿಸಿ, ಅಡುಗೆ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ.

<b>ಈ ಭಾನುವಾರ</b>

ಹೊಸ ಲೆನ್ಸ್ ಬಂದವರೆಲ್ಲ ಮಾಡೋ ತಪ್ಪೊಂದಿದೆ. 1.8 ಇದೆ ಅಂತ ಎಲ್ಲವನ್ನೂ 1.8ರಲ್ಲೇ ತೆಗೆಯೋದು. ಎರಡು ಟೈಲ್ಸ್ ದೂರದಿಂದ ತೆಗೆದಾಗ ಸ್ಪಷ್ಟವಾಗಿ ಬರೋದು ಐದು ಸೆಂಟಿಮೀಟರ್‌ಗಿಂತ ಕಡಿಮೆ ಜಾಗ. ಅತ್ತೆಯ ಮೂಗುತಿಗೆ ಫೋಕಸ್ ಆದರೆ ಕಣ್ಣು ಮಸುಕಾಗುತ್ತೆ. ನಿಕಾನ್‌ನಲ್ಲಿ 'ಎ', ಕ್ಯಾನನ್‌ನಲ್ಲಿ 'ಎವಿ'ಗೆ ತಿರುಗಿಸಿ 2.8 ಇಟ್ಟುಕೊಳ್ಳಿ. ಫೋಕಸ್ ಚುಕ್ಕಿ ನಿಮಗೆ ಹತ್ತಿರದ ಕಣ್ಣಿನ ಮೇಲಿರಲಿ. ಇಬ್ಬರಿದ್ದರೆ 4 ಅಥವಾ 5.6.

ಕಿಟಕಿ ಅವರ ಪಕ್ಕಕ್ಕಿರಲಿ, ಬೆನ್ನಿಗೆ ಬೇಡ. ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಮುಖದ ಅರ್ಧಕ್ಕೆ ಒಂದು ಬಣ್ಣ, ಇನ್ನರ್ಧಕ್ಕೆ ಇನ್ನೊಂದು. ಗೋಡೆಗೆ ಒರಗಿಸದೆ ಎರಡು ಟೈಲ್ಸ್ ಮುಂದಕ್ಕೆ ಕೂರಿಸಿ. "ನನ್ನದೇನು ತೆಗೀತೀಯೇ, ಮಕ್ಕಳದು ತೆಗಿ" ಅಂತ ಅತ್ತೆ ಅನ್ನೋದು ಖಂಡಿತ. ಬಟಾಣಿ ಸುಲಿಯೋಕೆ ಕೊಟ್ಟು, ಊರಿನ ವಿಷಯ ಎತ್ತಿ. ಮಾತಿನ ಮಧ್ಯೆ ತಲೆ ಎತ್ತಿದಾಗ ಒತ್ತಿ. "ನಗಿ ಅತ್ತೆ" ಅಂತ ಮಾತ್ರ ಹೇಳಬೇಡಿ, ಮುಖ ಬಿಗಿಯಾಗಿಬಿಡುತ್ತೆ. ಪೂರ್ತಿ ನಿಲುವಿನದು ಬೇಕಾದರೆ ಸಂಜೆ ಐದರ ಮೇಲೆ ತಾರಸಿಗೆ ಹತ್ತಿ.

ಆಮೇಲೆ ಕ್ಯಾಮೆರಾವನ್ನು ಮಗನ ಕೈಗೋ ಯಜಮಾನರ ಕೈಗೋ ಕೊಡಿ. 4ಕ್ಕೆ ಇಟ್ಟು, ಅವರು ನಿಲ್ಲಬೇಕಾದ ಟೈಲ್ಸ್ ತೋರಿಸಿ, ಅದೇ ಕಿಟಕಿ ಪಕ್ಕ ನೀವು ಕೂತುಕೊಳ್ಳಿ. ಮನೆಯ ಆಲ್ಬಂಗಳಲ್ಲಿ ಅತಿ ಕಡಿಮೆ ಇರೋದು ನಿಮ್ಮ ಮುಖವೇ ತಾನೆ? ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿ ಹತ್ತಿರದ ಸ್ಟುಡಿಯೊಗೆ ಕೊಟ್ಟು, 8-12 ಇಂಚಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಡಿಎಸ್‌ಎಲ್‌ಆರ್ ಚಿತ್ರದ ಅಳತೆಯೂ ಅದೇ ಪ್ರಮಾಣದ್ದು, ಅಂಚು ಕತ್ತರಿಸುವುದಿಲ್ಲ. ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಹೆಸರು, ತಾರೀಖು ಬರೆದಿಡಿ.