ಕೈಲಾಸಕ್ಕೆ ಕಟ್ಟುಕತೆಯ ಆಸರೆ ಬೇಡ

ಐದು ವರ್ಷ ನಿಂತುಹೋಗಿದ್ದ ಕೈಲಾಸ–ಮಾನಸ ಸರೋವರ ಯಾತ್ರೆ 2025ರಲ್ಲಿ ಮತ್ತೆ ಶುರುವಾದಾಗ ಚಿಕ್ಕಮ್ಮ ಫೋನ್ ಮಾಡಿದ್ದರು. ಅವರ ಭಜನಾ ಮಂಡಳಿಯ ಇಬ್ಬರು ಹೊರಟಿದ್ದರು. “ಅಲ್ಲಿ ಹನ್ನೆರಡು ಗಂಟೆಗೆ ಎರಡು ವಾರದಷ್ಟು ಉಗುರು ಬೆಳೆಯುತ್ತಂತಲ್ಲೋ, ನೇಲ್ ಕಟರ್ ಇಟ್ಕೊಳ್ಳಿ ಅಂತ ಹೇಳಲಾ?” ಎಂದು ಕೇಳಿದರು. ಆಮೇಲೆ ಆ ವಾಟ್ಸ್‌ಆ್ಯಪ್ ಸಂದೇಶವನ್ನೂ ಕಳಿಸಿದರು. ಅದು ನಿಮ್ಮಲ್ಲಿ ಬಹಳ ಜನರಿಗೂ ಬಂದಿರುತ್ತದೆ. ಕೈಲಾಸವನ್ನು ಹತ್ತಲು ಯಾರಿಂದಲೂ ಆಗದು, ಹತ್ತಲು ಹೋದವರು ದಿನ ಕಳೆಯುವುದರೊಳಗೆ ಮುದುಕರಾದರು, ಅದು ಬೆಟ್ಟವೇ ಅಲ್ಲ, ಯಾರೋ ಕಟ್ಟಿದ ಪಿರಮಿಡ್ಡು, ಅಲ್ಲಿಂದ ಉತ್ತರ ಧ್ರುವಕ್ಕೆ ಸರಿಯಾಗಿ 6,666 ಕಿ.ಮೀ., ದಕ್ಷಿಣ ಧ್ರುವಕ್ಕೆ ಅದರ ಎರಡರಷ್ಟು, ಅಂದರೆ 13,332 ಕಿ.ಮೀ. ಹೀಗೆ ಸಾಗುತ್ತದೆ ಅದು.

ಈ ಲೆಕ್ಕವನ್ನು ಹೈಸ್ಕೂಲಿನ ಭೂಗೋಳ ಗೊತ್ತಿದ್ದರೆ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಕೈಲಾಸ ಇರುವುದು 31 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಧ್ರುವ 90 ಡಿಗ್ರಿ. ನಡುವೆ ಉಳಿಯುವುದು 59. ಅಕ್ಷಾಂಶದ ಒಂದು ಡಿಗ್ರಿಗೆ ನೆಲದ ಮೇಲೆ ಸುಮಾರು 111 ಕಿ.ಮೀ. ಗುಣಿಸಿದರೆ 6,550ರ ಆಸುಪಾಸು ಬರುತ್ತದೆ. ದಕ್ಷಿಣ ಧ್ರುವಕ್ಕೆ 121 ಡಿಗ್ರಿ, ಅಂದರೆ 13,430 ಕಿ.ಮೀ. ಒಂದು ಇನ್ನೊಂದರ ದುಪ್ಪಟ್ಟಲ್ಲ, 6,666 ಎಲ್ಲಿಯೂ ಇಲ್ಲ. ಉಗುರಿನ ಮಾತೂ ಹಾಗೆಯೇ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪರಿಕ್ರಮ ಮುಗಿಸಲು ಸಾಮಾನ್ಯವಾಗಿ ಮೂರು ದಿನ. ಸಂದೇಶ ನಿಜವಾಗಿದ್ದರೆ ಅಷ್ಟರಲ್ಲಿ ಹನ್ನೆರಡು ವಾರದ ಉಗುರು, ಹತ್ತಿರ ಹತ್ತಿರ ಒಂದು ಸೆಂಟಿಮೀಟರ್, ಪ್ರತಿ ಯಾತ್ರಿಕರಿಗೂ ಬೆಳೆದಿರಬೇಕಿತ್ತು. ಮುದುಕರಾಗುವ ಕತೆಯ ಹಿಂದೆ ಮಾತ್ರ ಒಂದು ಎಳೆ ಸತ್ಯ ಇದ್ದೀತು. ಆ ಎತ್ತರದ ಬಿಸಿಲು, ಒಣಗಾಳಿ, ನಿದ್ದೆಗೇಡು ಸೇರಿ ಮೂರು ದಿನದಲ್ಲಿ ಮುಖ ಕಪ್ಪಿಟ್ಟು ತುಟಿ ಒಡೆದುಹೋಗುತ್ತದೆ. ಊರಿಗೆ ಬಂದ ವಾರದಲ್ಲಿ ಎಲ್ಲ ಸರಿಹೋಗುತ್ತದೆ.

ಪಿರಮಿಡ್ಡಿನ ಮಾತು ಹರಡಿದ್ದು 1999ರ ಸುಮಾರಿಗೆ ಅಲ್ಲಿಗೆ ಹೋಗಿಬಂದ ರಷ್ಯಾದ ಕಣ್ಣಿನ ವೈದ್ಯರೊಬ್ಬರಿಂದ. ಕೈಲಾಸದ ಮೈಮೇಲೆ ಮೆಟ್ಟಿಲಿನಂತಹ ಅಡ್ಡಗೆರೆಗಳು ಕಾಣುವುದು ನಿಜ. ಆ ಬಂಡೆ ನದಿಗಳು ಉರುಳಿಸಿ ತಂದ ಗುಂಡುಕಲ್ಲು, ಜಲ್ಲಿ, ಮರಳು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಮೆತ್ತಗಿನ ಪದರ ಬೇಗ ಸವೆಯಿತು, ಗಟ್ಟಿ ಪದರ ಚಾಚಿಕೊಂಡು ಉಳಿಯಿತು. ಆ ಚಾಚಿನ ಮೇಲೆ ಹಿಮ ನಿಂತಾಗ ಮೆಟ್ಟಿಲು ಕಾಣುತ್ತದೆ. ಒಂದು ಕಾಲದ ನದಿಯ ಪಾತ್ರ ಈಗ ಶಿಖರವಾಗಿ ನಿಂತಿದೆ ಎಂಬುದು ನನಗೆ ಪಿರಮಿಡ್ಡಿಗಿಂತ ದೊಡ್ಡ ವಿಸ್ಮಯ.

ಹತ್ತಲು ಆಗದು ಎಂಬ ಮಾತಿಗೆ ಬರೋಣ. ಕೈಲಾಸದ ಎತ್ತರ 6,638 ಮೀಟರ್. ಮಾನಸ ಸರೋವರದ ಇನ್ನೊಂದು ಬದಿಗೆ ನಿಂತಿರುವ ಗುರ್ಲಾ ಮಾಂಧಾತ 7,694 ಮೀಟರ್, ಅದನ್ನು 1985ರಲ್ಲೇ ಹತ್ತಿದ್ದಾರೆ. ಕೈಲಾಸ ಕಡಿದಾದ ಬೆಟ್ಟ, ಸುಲಭವಂತೂ ಅಲ್ಲ. ಆದರೆ ಅದರ ನೆತ್ತಿಯ ಮೇಲೆ ಹೆಜ್ಜೆ ಬೀಳದೆ ಇರುವುದಕ್ಕೆ ಕಾರಣ ಮನುಷ್ಯರ ತೀರ್ಮಾನ. ಹಿಂದೂಗಳು, ಬೌದ್ಧರು, ಜೈನರು, ಟಿಬೆಟ್ಟಿನ ಬೋನ್ ಧರ್ಮದವರು ನಾಲ್ವರೂ ಅದನ್ನು ಪೂಜಿಸುತ್ತಾರೆ, ಸುತ್ತು ಬರುತ್ತಾರೆ, ಮೆಟ್ಟುವುದಿಲ್ಲ. 1980ರ ದಶಕದಲ್ಲಿ ಚೀನಾ ಅವಕಾಶ ಕೊಡಲು ಮುಂದಾದಾಗ ಆ ಕಾಲದ ಅತಿ ದೊಡ್ಡ ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್ ಬೇಡವೆಂದರು. 2001ರಲ್ಲಿ ಸ್ಪೇನಿನ ತಂಡವೊಂದು ಹತ್ತಲಿದೆ ಎಂಬ ಸುದ್ದಿ ಹಬ್ಬಿದಾಗ ಜಗತ್ತಿನ ಹಲವೆಡೆ ವಿರೋಧ ಎದ್ದಿತು, ಅದು ನಡೆಯಲಿಲ್ಲ. ಯಾರೂ ಹತ್ತದ ಶಿಖರಗಳಲ್ಲಿ ಅತಿ ಎತ್ತರದ್ದು ಎಂಬ ಹೆಸರೂ ಕೈಲಾಸದ್ದಲ್ಲ. ಆ ಮಾತು ಸಲ್ಲುವುದು ಭೂತಾನಿನ ಗಾಂಗ್‌ಖರ್ ಪುಯೆನ್‌ಸುಮ್‌ಗೆ, 7,570 ಮೀಟರ್. ಜನರ ಶ್ರದ್ಧೆಗೆ ಧಕ್ಕೆಯಾಗಬಾರದೆಂದು ಭೂತಾನ್ 6,000 ಮೀಟರಿಗಿಂತ ಎತ್ತರದ ಬೆಟ್ಟ ಹತ್ತುವುದನ್ನು 1994ರಲ್ಲಿ ನಿಲ್ಲಿಸಿತು, 2003ರಲ್ಲಿ ಪರ್ವತಾರೋಹಣವನ್ನೇ ಪೂರ್ತಿ ನಿಷೇಧಿಸಿತು.

ಇಷ್ಟೆಲ್ಲ ಹೇಳಿದ ಮೇಲೆ ಚಿಕ್ಕಮ್ಮ ಕೇಳಿದ ಎರಡನೇ ಪ್ರಶ್ನೆಯೇ ನನ್ನನ್ನು ನಿಜಕ್ಕೂ ಗಾಬರಿ ಮಾಡಿದ್ದು. “ಕರ್ಪೂರ ಮೂಸ್ತಾ ಇದ್ದರೆ ಆಕ್ಸಿಜನ್ ಜಾಸ್ತಿ ಆಗುತ್ತಲ್ಲ, ಒಂದು ಡಬ್ಬಿ ಕಟ್ಟಿಕೊಟ್ಟಿದೀನಿ” ಎಂದರು. ಅಮರನಾಥ, ಕೇದಾರ, ಕೈಲಾಸ ಎಲ್ಲ ಕಡೆಯೂ ಯಾತ್ರಿಕರ ಸೆರಗಿನ ತುದಿಯಲ್ಲಿ, ಕರವಸ್ತ್ರದಲ್ಲಿ ಕರ್ಪೂರದ ಗಂಟು ಇರುತ್ತದೆ. ಮೂಸಿದಾಗ ಮೂಗಿನೊಳಗೆ ತಣ್ಣಗಾಗಿ ಉಸಿರು ಸರಾಗವಾದಂತೆ ಅನಿಸುವುದು ಸುಳ್ಳಲ್ಲ. ಆದರೆ ಅದು ಅನಿಸಿಕೆ ಅಷ್ಟೇ. ರಕ್ತಕ್ಕೆ ಒಂದು ಹನಿ ಆಮ್ಲಜನಕವೂ ಅದರಿಂದ ಹೆಚ್ಚಾಗಿ ಸೇರುವುದಿಲ್ಲ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂಬುದೂ ಪೂರ್ತಿ ಸರಿಯಲ್ಲ. ಮಂಗಳೂರಿನ ಕಡಲ ತೀರದಲ್ಲೂ ಎವರೆಸ್ಟ್ ತುದಿಯಲ್ಲೂ ಪಾಲು ಒಂದೇ, ನೂರಕ್ಕೆ ಸುಮಾರು 21. ಕಡಿಮೆಯಾಗುವುದು ಗಾಳಿಯ ಒತ್ತಡ. ಕೆಳಗಿನ ಗಾಳಿಯ ಮೇಲೆ ಮೇಲಿನ ಗಾಳಿಯ ಭಾರವೆಲ್ಲ ಬಿದ್ದಿರುತ್ತದೆ, ಅದು ಒತ್ತಿಕೊಂಡು ದಟ್ಟವಾಗಿರುತ್ತದೆ. ಎವರೆಸ್ಟ್ ತುದಿಯಲ್ಲಿ ಒತ್ತಡ ಕಡಲಮಟ್ಟದ ಮೂರನೇ ಒಂದು ಪಾಲಷ್ಟೇ. ಅಲ್ಲಿ ಒಂದು ಉಸಿರು ಎಳೆದರೆ ಒಳಗೆ ಬರುವುದು ಇಲ್ಲಿನ ಉಸಿರಿನ ಮೂರನೇ ಒಂದರಷ್ಟು. ಅಡುಗೆ ಮಾಡುವವರಿಗೆ ಇದು ಬೇರೆ ರೀತಿಯಲ್ಲಿ ಅರಿವಾಗುತ್ತದೆ. ಒತ್ತಡ ಇಳಿದರೆ ನೀರು ಬೇಗ ಕುದಿಯುತ್ತದೆ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88 ಡಿಗ್ರಿಯ ಹೊತ್ತಿಗೇ ಪಾತ್ರೆಯಲ್ಲಿ ನೀರು ಮಳಮಳ ಕುದಿಯುತ್ತದೆ, ಎವರೆಸ್ಟ್ ತುದಿಯಲ್ಲಾದರೆ ಸುಮಾರು 70ಕ್ಕೆ. ನೀರು ಉಕ್ಕುತ್ತಿದ್ದರೂ ಅಕ್ಕಿ ಕಾಳುಕಾಳಾಗಿ ಉಳಿಯುತ್ತದೆ, ಬೇಳೆಯಂತೂ ಬೇಯುವುದೇ ಇಲ್ಲ. ಕುಕ್ಕರ್ ಇಲ್ಲದೆ ಅಲ್ಲಿ ಊಟವಿಲ್ಲ.

ಪರಿಕ್ರಮದ ಹಾದಿಯ ಡೋಲ್ಮಾ ಕಣಿವೆಮಾರ್ಗ 5,600 ಮೀಟರಿಗೂ ಎತ್ತರ. ಅಲ್ಲಿ ತಲೆ ಸಿಡಿಯುವುದು, ವಾಕರಿಕೆ, ನಿದ್ದೆ ಬಾರದಿರುವುದು ದೇವರ ಪರೀಕ್ಷೆಯೂ ಅಲ್ಲ, ಪಾಪದ ಫಲವೂ ಅಲ್ಲ. ಎತ್ತರದ ಕಾಯಿಲೆ. ದಿನಾ ಓಡುವ, ಗಟ್ಟಿಮುಟ್ಟಾದ ಯುವಕರಿಗೆ ಬರುವುದಿಲ್ಲ ಎಂಬುದೂ ಸುಳ್ಳು. ಎಷ್ಟು ಗಟ್ಟಿ ಎನ್ನುವುದಕ್ಕಿಂತ ಎಷ್ಟು ಬೇಗ ಮೇಲೇರಿದಿರಿ ಎನ್ನುವುದು ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ನಡುನಡುವೆ ಒಂದೊಂದು ದಿನ ನಿಲ್ಲಬೇಕು. ನಡೆಯುವಾಗ ಕಾಲು ತೂರಾಡಿದರೆ, ಮಾತು ಅಡ್ಡಾದಿಡ್ಡಿಯಾದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಪ್ರಾಣಕ್ಕೆ ಕುತ್ತು ಎಂದೇ ತಿಳಿಯಬೇಕು. ತಡಮಾಡದೆ ಕೆಳಗಿಳಿಸಬೇಕು, ರಾತ್ರಿಯಾದರೂ ಸರಿ. ಕರ್ಪೂರ ಮೂಸಿಸುತ್ತಾ ಬೆಳಗಾಗಲಿ ಎಂದು ಕಾದರೆ ಉಳಿಸಿಕೊಳ್ಳಬಹುದಾದ ಜೀವ ಹೋಗುತ್ತದೆ. ಡಬ್ಬಿಯನ್ನು ಆರತಿಗೆ ಇಟ್ಟುಕೊಳ್ಳಲಿ, ಹೊರಡುವ ಮುಂಚೆ ವೈದ್ಯರನ್ನು ಕಂಡು ಎತ್ತರದ ಕಾಯಿಲೆಯ ಮಾತ್ರೆಯ ವಿಚಾರ ಕೇಳಲಿ ಎಂದೆ.

ಕೈಲಾಸವೊಂದೇ ಅಲ್ಲ, ಬೆಟ್ಟಗಳ ಬಗ್ಗೆ ಇನ್ನೂ ಎಷ್ಟೋ ತಪ್ಪು ತಿಳಿವಳಿಕೆಗಳಿವೆ. ಬೆಟ್ಟದ ತುದಿ ಸೂರ್ಯನಿಗೆ ಹತ್ತಿರವಲ್ಲವೇ, ಮತ್ತೇಕೆ ಚಳಿ ಎಂದು ಮಕ್ಕಳು ಕೇಳುತ್ತಾರೆ. ಸೂರ್ಯ ಇರುವುದು 15 ಕೋಟಿ ಕಿ.ಮೀ. ಆಚೆ. ಅದರಲ್ಲಿ ಎವರೆಸ್ಟಿನ ಒಂಬತ್ತು ಕಿ.ಮೀ. ಯಾವ ಲೆಕ್ಕಕ್ಕೂ ಇಲ್ಲ. ಬಿಸಿಲು ಮೊದಲು ನೆಲವನ್ನು ಕಾಯಿಸುತ್ತದೆ, ಕಾದ ನೆಲ ಗಾಳಿಯನ್ನು. ಆ ಗಾಳಿ ಮೇಲೇರುತ್ತಾ ಹಿಗ್ಗಿ ತಣ್ಣಗಾಗುತ್ತದೆ, ಕಿ.ಮೀ.ಗೆ ಸರಾಸರಿ ಆರೂವರೆ ಡಿಗ್ರಿಯಂತೆ. ದೊಡ್ಡವರೇ ಇದನ್ನು ನಂಬದ ಕಾಲವಿತ್ತು. ಸಮಭಾಜಕ ವೃತ್ತದ ಪಕ್ಕದ ಕಿಲಿಮಂಜಾರೋ ನೆತ್ತಿಯಲ್ಲಿ ಹಿಮ ಕಂಡೆ ಎಂದು ಮಿಷನರಿ ಯೋಹಾನೆಸ್ ರೆಬ್‌ಮನ್ 1848ರಲ್ಲಿ ಹೇಳಿದಾಗ ಲಂಡನ್ನಿನ ಪಂಡಿತರು ಅದನ್ನು ಕಣ್ಣಿನ ಭ್ರಮೆ ಎಂದು ತಳ್ಳಿಹಾಕಿದ್ದರು.

ಇನ್ನು ಅತಿ ಎತ್ತರದ ಪರ್ವತ ಯಾವುದು ಎಂಬ ಪ್ರಶ್ನೆ. ಉತ್ತರ ನಿಮ್ಮ ಅಳತೆಪಟ್ಟಿಯ ಕೆಳತುದಿಯನ್ನು ಎಲ್ಲಿಟ್ಟಿದ್ದೀರಿ ಎಂಬುದರ ಮೇಲಿದೆ. ಕಡಲಮಟ್ಟದಲ್ಲಿಟ್ಟರೆ ಎವರೆಸ್ಟ್, ಅನುಮಾನವಿಲ್ಲ. 2020ರ ಡಿಸೆಂಬರ್‌ನಲ್ಲಿ ನೇಪಾಳ, ಚೀನಾ ಒಟ್ಟಾಗಿ ಪ್ರಕಟಿಸಿದ ಅಂಕಿ 8,848.86 ಮೀಟರ್, ನೆತ್ತಿಯ ಹಿಮವೂ ಸೇರಿ. ಬುಡದಿಂದ ಅಳೆದರೆ ಹವಾಯಿಯ ಮೌನಾ ಕೀ ಗೆಲ್ಲುತ್ತದೆ. ಕಡಲ ಮೇಲೆ ಕಾಣುವುದು 4,207 ಮೀಟರ್ ಮಾತ್ರ, ಕಡಲ ತಳದ ಬುಡದಿಂದ 9,000 ಮೀಟರಿಗೂ ಹೆಚ್ಚು. ಭೂಮಿಯ ಕೇಂದ್ರದಿಂದ ಅಳೆದರೆ ಈಕ್ವೆಡಾರಿನ ಚಿಂಬೊರಾಜೊ. ಎತ್ತರ 6,263 ಮೀಟರ್ ಅಷ್ಟೇ. ಆದರೆ ಭೂಮಿ ಸಮಭಾಜಕ ವೃತ್ತದ ಬಳಿ ಉಬ್ಬಿರುವುದರಿಂದ ಅದರ ತುದಿ ಎವರೆಸ್ಟ್ ತುದಿಗಿಂತ ಕೇಂದ್ರದಿಂದ ಸುಮಾರು ಎರಡು ಕಿ.ಮೀ. ಹೆಚ್ಚು ದೂರ.

ಎವರೆಸ್ಟನ್ನು ಅಳೆದವರು ಜಾರ್ಜ್ ಎವರೆಸ್ಟ್ ಎಂದು ಬಹಳ ಜನ ತಿಳಿದಿದ್ದಾರೆ. ಅವರು 1843ರಲ್ಲೇ ಸರ್ವೇಯರ್ ಜನರಲ್ ಹುದ್ದೆಯಿಂದ ನಿವೃತ್ತರಾಗಿದ್ದರು. ಆಗ ‘ಹದಿನೈದನೇ ಶಿಖರ’ ಎಂದಷ್ಟೇ ಕರೆಯುತ್ತಿದ್ದ ಈ ಬೆಟ್ಟಕ್ಕೆ 160 ಕಿ.ಮೀ.ಗೂ ದೂರದ ಬಯಲಿನಿಂದ ಥಿಯೋಡೊಲೈಟ್ ಹಿಡಿದು ನೋಡಿದ್ದು 1849–50ರಲ್ಲಿ. ಬೆಳಕು ಗಾಳಿಯಲ್ಲಿ ಬಾಗುವುದನ್ನು, ಭೂಮಿಯ ಉಬ್ಬನ್ನು ಕಳೆದು ಕೂಡಿ ಲೆಕ್ಕ ಹಾಕುವ ಹೊಣೆ ಇದ್ದದ್ದು ಕಲ್ಕತ್ತೆಯ ಗಣಿತಜ್ಞ ರಾಧಾನಾಥ ಸಿಕ್ದಾರ್ ಅವರ ಮೇಲೆ. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. ಇಂದಿನ ಉಪಗ್ರಹದ ಅಳತೆಗೂ ಅದಕ್ಕೂ ಇರುವ ವ್ಯತ್ಯಾಸ 30 ಅಡಿ ಮಾತ್ರ. ಅಷ್ಟು ದೂರದಿಂದ, ಕಾಗದ ಲೇಖನಿಯಲ್ಲಿ ಹಾಕಿದ ಲೆಕ್ಕ ಅದು! ಈ ಲೆಕ್ಕಕ್ಕೆ ಆಧಾರವಾದ ಭಾರತದ ಮಹಾ ಸರ್ವೆಯ ಮೊದಲ ಪ್ರಯೋಗ ನಡೆದದ್ದು ನಮ್ಮ ನೆಲದಲ್ಲಿ. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಆಧಾರರೇಖೆಯನ್ನು ಸರಪಳಿ ಹಾಸಿ ಅಳೆದಿದ್ದರು. ಬೆಟ್ಟಕ್ಕೆ ತಮ್ಮ ಹೆಸರಿಡುವುದು ಸ್ವತಃ ಎವರೆಸ್ಟ್ ಅವರಿಗೇ ಒಪ್ಪಿಗೆ ಇರಲಿಲ್ಲ, ಇಲ್ಲಿನ ಜನಕ್ಕೆ ಅದನ್ನು ಉಚ್ಚರಿಸಲು ಆಗದು ಎಂದಿದ್ದರು. ಆದರೂ 1865ರಲ್ಲಿ ಆ ಹೆಸರೇ ನಿಂತಿತು. ಟಿಬೆಟ್ಟಿನವರ ಪಾಲಿಗೆ ಅದು ಚೋಮೋಲುಂಗ್ಮಾ. ಸಿಕ್ದಾರರ ಹೆಸರು ನಮ್ಮ ಶಾಲಾ ಮಕ್ಕಳ ಬಾಯಲ್ಲಿ ಇಲ್ಲದಿರುವುದು ನನಗೆ ಇವತ್ತಿಗೂ ನೋವಿನ ಸಂಗತಿ.

ಎತ್ತರದ ಬೆಟ್ಟವೆಂದರೆ ಹಳೆಯ ಬೆಟ್ಟ ಎಂಬುದೂ ತಪ್ಪು. ಹಿಮಾಲಯ ಏಳತೊಡಗಿ ಸುಮಾರು ಐದು ಕೋಟಿ ವರ್ಷ. ನಮ್ಮ ಬಾಬಾಬುಡನ್‌ಗಿರಿಯ ಬಂಡೆಗಳಿಗೆ 250 ಕೋಟಿ ವರ್ಷ ದಾಟಿದೆ. ಎವರೆಸ್ಟಿನ ತುತ್ತತುದಿಯ ಕಲ್ಲು ಕಡಲಿನಡಿ ಕೂಡಿದ ಸುಣ್ಣಕಲ್ಲು, ಅದರಲ್ಲಿ ಕಡಲಜೀವಿಗಳ ಚೂರುಗಳು ಈಗಲೂ ಸಿಗುತ್ತವೆ.

ಎವರೆಸ್ಟನ್ನು ಮೊದಲ ಸಲ ಹತ್ತಿದಾಗ, 1953ರ ಮೇ 29ರಂದು, ತುದಿಯಲ್ಲಿ ತೆಗೆದ ಆ ಪ್ರಸಿದ್ಧ ಚಿತ್ರದಲ್ಲಿರುವವರು ಹಿಲರಿ ಎಂದು ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ಅಲ್ಲಿ ಹಿಮಗೊಡಲಿ ಎತ್ತಿ ಹಿಡಿದು ನಿಂತಿರುವವರು ತೇನ್‌ಸಿಂಗ್ ನೋರ್ಗೆ. ಕೊಡಲಿಗೆ ವಿಶ್ವಸಂಸ್ಥೆ, ಬ್ರಿಟನ್, ನೇಪಾಳ, ಭಾರತದ ಬಾವುಟ ಕಟ್ಟಿದೆ. ಚಿತ್ರ ತೆಗೆದವರು ಹಿಲರಿ, ಶಿಖರದ ಮೇಲೆ ಅವರದೇ ಚಿತ್ರ ಇಲ್ಲ. ಮೊದಲು ಕಾಲಿಟ್ಟವರು ಯಾರು ಎಂಬ ಜಗಳಕ್ಕೆ ತೇನ್‌ಸಿಂಗರೇ 1955ರ ಆತ್ಮಕಥೆಯಲ್ಲಿ ತೆರೆ ಎಳೆದರು: ಹಿಲರಿ ಒಂದು ಹೆಜ್ಜೆ ಮುಂದಿದ್ದರು. ಶೆರ್ಪಾ ಎಂದರೆ ಹೊರೆ ಹೊರುವವನು ಎಂದು ಬರೆಯುವ ಅಭ್ಯಾಸವನ್ನೂ ಬಿಡಬೇಕು. ಅದು ಒಂದು ಜನಾಂಗದ ಹೆಸರು, ‘ಪೂರ್ವದಿಂದ ಬಂದವರು’ ಎಂದು ಅರ್ಥ.

ಹತ್ತಿದವರೆಲ್ಲ ತುದಿಯನ್ನು ಮೆಟ್ಟಿಯೇ ಬರುತ್ತಾರೆ ಎಂಬುದೂ ನಿಜವಲ್ಲ. 8,586 ಮೀಟರಿನ ಕಾಂಚನಜುಂಗಾ ಜಗತ್ತಿನಲ್ಲಿ ಮೂರನೆಯದು, ಸಿಕ್ಕಿಂ ಜನರಿಗೆ ದೇವರು. 1955ರಲ್ಲಿ ಬ್ರಿಟಿಷ್ ತಂಡ ಹೊರಟಾಗ ಶಿಖರವನ್ನು ತುಳಿಯುವುದಿಲ್ಲ ಎಂದು ಸಿಕ್ಕಿಂ ಅರಸರಿಗೆ ಮಾತು ಕೊಟ್ಟಿತ್ತು. ಮೇ 25ರಂದು ಜೋ ಬ್ರೌನ್ ಕೊನೆಯ ಬಂಡೆಯ ಸೀಳಿನಲ್ಲಿ ಕೈ ತುರುಕಿ ಮೇಲೇರಿದರು, ಹಿಂದೆಯೇ ಜಾರ್ಜ್ ಬ್ಯಾಂಡ್ ಬಂದರು. ಎದುರಿಗೆ ಕೆಲವೇ ಅಡಿ ದೂರದಲ್ಲಿ ಮೆತ್ತಗಿನ ಇಳಿಜಾರಿನ ಹಿಮದ ಗುಪ್ಪೆ, ಅದೇ ತುದಿ. ಇಬ್ಬರೂ ಅಲ್ಲೇ ನಿಂತು ನೋಡಿ, ಹಿಂದಿರುಗಿ ಇಳಿದರು. ಮರುದಿನ ಹತ್ತಿದ ಇನ್ನಿಬ್ಬರೂ ಅಷ್ಟಕ್ಕೇ ನಿಂತರು.