ಹಾಜರಾತಿಯ ಟ್ಯಾಬ್: ಸಜ್ಜುಗೊಳಿಸುವ ಕ್ರಮ, ಬಳಕೆ ಮತ್ತು ಸದಸ್ಯರ ಹೊಣೆ

ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಕಾಮಗಾರಿಗಳಲ್ಲಿ ಹಾಜರಾತಿಯು ಬಹುಕಾಲ ಕಾಗದದ ಎನ್‌ಎಂಆರ್ ಹಾಳೆಯಲ್ಲಿಯೇ ದಾಖಲಾಗುತ್ತಿತ್ತು. 2021ರ ಮೇ 21ರಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ರಾಷ್ಟ್ರೀಯ ಮೊಬೈಲ್ ಮೇಲ್ವಿಚಾರಣಾ ವ್ಯವಸ್ಥೆ, ಅಂದರೆ ಎನ್‌ಎಂಎಂಎಸ್ ಆ್ಯಪ್ ಅನ್ನು ಪ್ರಾಯೋಗಿಕವಾಗಿ ಜಾರಿಗೆ ತಂದಿತು. 2022ರ ಮೇ 16ರಿಂದ 20 ಅಥವಾ ಅದಕ್ಕಿಂತ ಹೆಚ್ಚು ಕೂಲಿಕಾರರಿರುವ ಕಾಮಗಾರಿಗಳಿಗೆ ಇದು ಕಡ್ಡಾಯವಾಯಿತು. 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿ ಕಾಮಗಾರಿಗಳನ್ನುಳಿದು ಎಲ್ಲ ಕಾಮಗಾರಿಗಳಿಗೂ ವಿಸ್ತರಿಸಲ್ಪಟ್ಟಿತು. ಅಂದಿನಿಂದ ಕೆರೆಯ ಅಂಗಳದಲ್ಲಿ ಹೂಳು ತೆಗೆಯುವ ಕೂಲಿಕಾರರ ದಿನದ ದುಡಿಮೆಯು ಕಾಯಕ ಬಂಧುವಿನ ಕೈಯಲ್ಲಿರುವ ಟ್ಯಾಬ್ ಅಥವಾ ಸ್ಮಾರ್ಟ್ ಫೋನಿನ ಮೂಲಕವೇ ಸರ್ಕಾರದ ಲೆಕ್ಕಕ್ಕೆ ಸೇರುತ್ತಿದೆ.

ಈ ಸಾಧನವನ್ನು ನಿರ್ವಹಿಸುವುದು ಸಿಬ್ಬಂದಿಯ ಕೆಲಸ. ಆದರೆ ಅದು ಕೈಕೊಟ್ಟ ದಿನ ಕೂಲಿಕಾರರು ಬಂದು ನಿಲ್ಲುವುದು ತಮ್ಮ ವಾರ್ಡಿನ ಸದಸ್ಯರ ಮನೆಯ ಮುಂದೆ. ಆದುದರಿಂದ ಸಾಧನವು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ತಪ್ಪುತ್ತದೆ, ತಪ್ಪಿದಾಗ ಯಾವ ದಾರಿಯಿದೆ ಎಂಬುದನ್ನು ಸದಸ್ಯರೂ ಅರಿತಿರುವುದು ಅವಶ್ಯಕ.

ಒಂದು ದಿನದ ಬೆಲೆ

2025-26ನೇ ಸಾಲಿಗೆ ಕರ್ನಾಟಕದಲ್ಲಿ ಈ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ಆ ದರದಲ್ಲಿ ಒಂದು ಕಾಮಗಾರಿಯಲ್ಲಿ 32 ಜನ ದುಡಿದು, ಪೂರ್ಣ ಅಳತೆಯ ಕೆಲಸ ಮುಗಿಸಿದರೂ ಆ ದಿನದ ಹಾಜರಾತಿ ದಾಖಲಾಗದಿದ್ದರೆ 11,840 ರೂಪಾಯಿ ಕೂಲಿ ಲೆಕ್ಕಕ್ಕೆ ಬಾರದೆ ಉಳಿಯುತ್ತದೆ.

ಕೂಲಿ ತಡವಾಗುವುದಕ್ಕೂ ಹಾಜರಾತಿಯೇ ಇಲ್ಲವಾಗುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಎನ್‌ಎಂಆರ್ ಮುಕ್ತಾಯವಾದ 15 ದಿನಗಳೊಳಗೆ ಕೂಲಿ ಪಾವತಿಯಾಗದಿದ್ದರೆ 16ನೇ ದಿನದಿಂದ ಬಾಕಿ ಮೊತ್ತದ ಶೇ. 0.05ರಂತೆ ದಿನವೊಂದಕ್ಕೆ ವಿಳಂಬ ಪರಿಹಾರ ಸಲ್ಲುತ್ತದೆ. ಅದೇ ದರದಲ್ಲಿ ಆರು ದಿನಗಳ ಕೂಲಿ 2,220 ರೂಪಾಯಿಗೆ ಇದು ದಿನಕ್ಕೆ 1 ರೂಪಾಯಿ 11 ಪೈಸೆ ಮಾತ್ರ. ಮೊತ್ತ ಅಲ್ಪವಾದರೂ ಹಕ್ಕು ಉಳಿದಿರುತ್ತದೆ. ಹಾಜರಾತಿಯೇ ಇಲ್ಲದ ದಿನಕ್ಕೆ ಇಷ್ಟೂ ಇಲ್ಲ. ಏಕೆಂದರೆ ದಾಖಲೆಯ ಪ್ರಕಾರ ಅಂದು ಆ ವ್ಯಕ್ತಿ ಕೆಲಸಕ್ಕೇ ಬಂದಿರುವುದಿಲ್ಲ. ಮುಂದೆ ವಿವರಿಸಿರುವ ಕ್ರಮಗಳೆಲ್ಲ ಈ ಒಂದು ನಷ್ಟವನ್ನು ತಪ್ಪಿಸುವುದಕ್ಕಾಗಿಯೇ ಇವೆ.

ಸಾಧನ ಮಾಡುವ ಮೂರು ಕೆಲಸಗಳು

ಟ್ಯಾಬ್ ಎಂಬುದು ಅಂಗೈಯಲ್ಲಿ ಹಿಡಿಯಬಹುದಾದ ಕಂಪ್ಯೂಟರ್. ಹಾಜರಾತಿಯ ಮಟ್ಟಿಗೆ ಅದು ಮೂರು ಕೆಲಸಗಳನ್ನು ಮಾಡುತ್ತದೆ: ಸ್ಥಳವನ್ನು ಗುರುತಿಸುವುದು, ಚಿತ್ರ ತೆಗೆಯುವುದು, ದಾಖಲೆಯನ್ನು ಕಳುಹಿಸುವುದು. ಈ ಮೂರರ ಅಗತ್ಯಗಳು ಬೇರೆ ಬೇರೆ.

ಸ್ಥಳ ಗುರುತಿಸುವಿಕೆಗೆ ಇಂಟರ್‌ನೆಟ್ ಬೇಕಿಲ್ಲ. ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಸಾಧನವು ನೇರವಾಗಿ ಆಕಾಶದಿಂದಲೇ ಪಡೆಯುತ್ತದೆ. ಅದಕ್ಕೆ ತೆರೆದ ಆಕಾಶ ಬೇಕು. ತಗಡಿನ ಸೂರಿನ ಕೆಳಗೆ, ದಟ್ಟ ಮರಗಳ ನೆರಳಿನಲ್ಲಿ, ಆಳವಾದ ಕಂದಕದೊಳಗೆ ಸಂಕೇತ ದುರ್ಬಲವಾಗುತ್ತದೆ. ನೆಟ್‌ವರ್ಕ್ ಇಲ್ಲದೆಡೆ ಮೊದಲ ಬಾರಿ ಸ್ಥಳ ಹಿಡಿಯಲು ಕೆಲವು ನಿಮಿಷಗಳೇ ಬೇಕಾಗಬಹುದು. ಬಯಲಿಗೆ ಬಂದು ಸ್ವಲ್ಪ ಕಾಯುವುದೇ ಇದಕ್ಕೆ ಪರಿಹಾರ.

ಚಿತ್ರವನ್ನು ಆ್ಯಪ್‌ನ ಒಳಗಿನಿಂದಲೇ ತೆಗೆಯಬೇಕು. ಚಿತ್ರದೊಡನೆ ದಿನಾಂಕ, ಸಮಯ ಮತ್ತು ಸ್ಥಳದ ಅಕ್ಷಾಂಶ ರೇಖಾಂಶಗಳು ಸೇರುತ್ತವೆ. ಸಾಧನದ ಗಡಿಯಾರ ತಪ್ಪಾಗಿದ್ದರೆ ದಾಖಲೆಯ ಸಮಯದ ಬಗ್ಗೆಯೂ ಆಕ್ಷೇಪಣೆಗೆ ಎಡೆಯಾಗುತ್ತದೆ.

ಕಳುಹಿಸುವುದಕ್ಕೆ ಮಾತ್ರ ನೆಟ್‌ವರ್ಕ್ ಅನಿವಾರ್ಯ. ನೆಟ್‌ವರ್ಕ್ ಇಲ್ಲದ ಸ್ಥಳದಲ್ಲಿ ಹಾಜರಾತಿ ಮತ್ತು ಚಿತ್ರಗಳು ಸಾಧನದಲ್ಲಿಯೇ ಉಳಿದು, ನೆಟ್‌ವರ್ಕ್ ದೊರೆತ ಕೂಡಲೇ ಅಪ್‌ಲೋಡ್ ಮಾಡಲು ಅವಕಾಶವಿದೆ. ಆದುದರಿಂದ "ಟವರ್ ಸಿಗಲಿಲ್ಲ, ಅದಕ್ಕೇ ಹಾಜರಾತಿ ಹಾಕಲಿಲ್ಲ" ಎಂಬ ಸಮಜಾಯಿಷಿಯನ್ನು ಹಾಗೆಯೇ ಒಪ್ಪತಕ್ಕದ್ದಲ್ಲ. ಮಲೆನಾಡಿನ ಹಾಡಿಯಲ್ಲಾಗಲಿ, ಬಯಲುಸೀಮೆಯ ದೂರದ ಹಳ್ಳದ ದಂಡೆಯಲ್ಲಾಗಲಿ ಹಾಜರಾತಿ ಪಡೆಯುವುದು ಸಾಧ್ಯವಿದೆ. ಅದಕ್ಕೆ ಬೇಕಾದುದು ಹಿಂದಿನ ದಿನದ ಸಿದ್ಧತೆ.

ಹೊಸ ಸಾಧನವನ್ನು ಸಜ್ಜುಗೊಳಿಸುವ ಕ್ರಮ

ಗ್ರಾಮ ಪಂಚಾಯಿತಿಯ ಹಣದಿಂದ ಖರೀದಿಸಿದ ಅಥವಾ ಮೇಲಿನ ಕಚೇರಿಯಿಂದ ಬಂದ ಟ್ಯಾಬ್ ಪಂಚಾಯಿತಿಯ ಆಸ್ತಿ. ಅದನ್ನು ಯಾರ ಕೈಗಾದರೂ ಕೊಡುವ ಮೊದಲು ಈ ಕೆಳಗಿನವು ಮುಗಿದಿರಬೇಕು.

1. ದಾಸ್ತಾನು ವಹಿಯಲ್ಲಿ ಮಾದರಿ, ಖರೀದಿ ದಿನಾಂಕ, ವಾರಂಟಿ ಅವಧಿ ಮತ್ತು 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ನಮೂದಿಸಬೇಕು. ಈ ಸಂಖ್ಯೆ ಪೆಟ್ಟಿಗೆಯ ಮೇಲಿರುತ್ತದೆ; ಕರೆ ಮಾಡುವ ಸೌಲಭ್ಯವುಳ್ಳ ಸಾಧನಗಳಲ್ಲಿ *#06# ಒತ್ತಿದರೂ ಕಾಣುತ್ತದೆ. ಸಾಧನ ಕಳೆದುಹೋದರೆ ಪೊಲೀಸ್ ದೂರಿಗೆ ಈ ಸಂಖ್ಯೆಯೇ ಆಧಾರ.

2. ಗೂಗಲ್ ಖಾತೆಯನ್ನು ಕಚೇರಿಯ ಹೆಸರಿನಲ್ಲಿ ತೆರೆಯಬೇಕು. ಸಿಬ್ಬಂದಿಯ ಸ್ವಂತ ಖಾತೆಯನ್ನು ಹಾಕಿದರೆ ಅವರು ವರ್ಗಾವಣೆಯಾದಾಗ ಅಥವಾ ಕೆಲಸ ಬಿಟ್ಟಾಗ ಸಾಧನವೇ ತೆರೆಯದಂತಾಗಬಹುದು. ಖಾತೆಯ ಪಾಸ್‌ವರ್ಡ್ ಅನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ವಶದಲ್ಲಿ ಇರಿಸತಕ್ಕದ್ದು.

3. ಪರದೆಗೆ ಆರು ಅಂಕಿಗಳ ಬೀಗ ಹಾಕಬೇಕು. ಸಾಧನದ ಭಾಷೆಯನ್ನು ಕನ್ನಡಕ್ಕೆ ಬದಲಿಸಬೇಕು. ದಿನಾಂಕ ಮತ್ತು ಸಮಯವನ್ನು ಸ್ವಯಂಚಾಲಿತ ಆಯ್ಕೆಯಲ್ಲಿ ಇಡಬೇಕು. ಲೊಕೇಶನ್ ಆನ್ ಆಗಿದ್ದು, ನಿಖರತೆ ಹೆಚ್ಚಿಸುವ ಆಯ್ಕೆಯೂ ಚಾಲ್ತಿಯಲ್ಲಿರಬೇಕು. ಕಳೆದ ಸಾಧನವನ್ನು ಪತ್ತೆಹಚ್ಚುವ ಸೌಲಭ್ಯವನ್ನೂ ಆರಂಭದಲ್ಲಿಯೇ ಚಾಲನೆಗೊಳಿಸಬೇಕು.

4. ಸಾಫ್ಟ್‌ವೇರ್ ಪರಿಷ್ಕರಣೆಯನ್ನು ಕಚೇರಿಯ ವೈಫೈನಲ್ಲಿ ಮೊದಲೇ ಪೂರೈಸಬೇಕು. ಕೆಲಸದ ಸ್ಥಳದಲ್ಲಿ ಪರಿಷ್ಕರಣೆ ಆರಂಭವಾದರೆ ಬ್ಯಾಟರಿಯೂ ಡೇಟಾವೂ ಖರ್ಚಾಗಿ, ಆ ಹೊತ್ತಿನ ಹಾಜರಾತಿ ತಪ್ಪುತ್ತದೆ.

5. ಆ್ಯಪ್ ಅನ್ನು ಅಧಿಕೃತ ಪ್ಲೇ ಸ್ಟೋರ್‌ನಿಂದಲೇ ಇಳಿಸಿಕೊಳ್ಳಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಕಡತದಿಂದ ಎಂದಿಗೂ ಸ್ಥಾಪಿಸತಕ್ಕದ್ದಲ್ಲ. ಕ್ಯಾಮೆರಾ, ಲೊಕೇಶನ್ ಮತ್ತು ಸಂಗ್ರಹದ ಅನುಮತಿಗಳನ್ನು ನೀಡಬೇಕು. ಆಟ, ಸಿನಿಮಾ ಮೊದಲಾದವುಗಳನ್ನು ತುಂಬಿದರೆ ಸಂಗ್ರಹದ ಜಾಗ ಮುಗಿದು ಚಿತ್ರವೇ ಉಳಿಯದಂತಾಗುತ್ತದೆ.

6. ಸಾಧನವನ್ನು ಪಡೆದವರಿಂದ ಸ್ವೀಕೃತಿ ಪತ್ರ ಪಡೆಯಬೇಕು. ಚಾರ್ಜರ್, ಕವಚ, ಪವರ್ ಬ್ಯಾಂಕ್, ಸಿಮ್ ಸಂಖ್ಯೆ ಇವೆಲ್ಲವೂ ಅದರಲ್ಲಿ ನಮೂದಾಗಿರಬೇಕು.

ಕೆಲಸದ ದಿನದ ಕ್ರಮ

ಕಾಯಕ ಬಂಧುವಿನ ಹೆಸರು ತಂತ್ರಾಂಶದಲ್ಲಿ ನೋಂದಣಿಯಾಗಿ, ಸಂಬಂಧಿತ ಕಾಮಗಾರಿಗೆ ಜೋಡಣೆಯಾದ ಬಳಿಕವೇ ಆ ಕಾಮಗಾರಿಯ ಎನ್‌ಎಂಆರ್ ಆ್ಯಪ್‌ನಲ್ಲಿ ದೊರೆಯುತ್ತದೆ. ಈ ಜೋಡಣೆ ಕಚೇರಿಯ ಕೆಲಸ. ಕೆಲಸ ಆರಂಭವಾಗುವ ದಿನ ಬೆಳಿಗ್ಗೆ ಅದನ್ನು ಮಾಡಹೊರಟರೆ ಕೂಲಿಕಾರರು ಸನಿಕೆ, ಬುಟ್ಟಿ ಹಿಡಿದು ಕಾಯಬೇಕಾಗುತ್ತದೆ. ಹಿಂದಿನ ದಿನ ಸಂಜೆಯೊಳಗೆ ಜೋಡಣೆ ಮುಗಿಸಿ, ನೆಟ್‌ವರ್ಕ್ ಇರುವೆಡೆಯಲ್ಲಿಯೇ ಎನ್‌ಎಂಆರ್ ಅನ್ನು ಸಾಧನಕ್ಕೆ ಇಳಿಸಿಕೊಂಡು, ರಾತ್ರಿ ಪೂರ್ಣ ಚಾರ್ಜ್ ಮಾಡುವುದು ಸರಿಯಾದ ಕ್ರಮ.

ಬೆಳಿಗ್ಗೆ ಕಾಯಕ ಬಂಧು ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕರೆದು ಹಾಜರಾತಿ ಗುರುತಿಸಬೇಕು. ಮೌನವಾಗಿ ಪರದೆಯನ್ನು ಒತ್ತುತ್ತ ಹೋದರೆ ಯಾರ ಹೆಸರು ಬಿಟ್ಟುಹೋಯಿತೆಂಬುದು ಕೂಲಿ ಜಮೆಯಾಗದಿದ್ದಾಗಲೇ ತಿಳಿಯುತ್ತದೆ. ಹೆಸರು ಕರೆದರೆ ಬಿಟ್ಟುಹೋದವರು ಅಲ್ಲಿಯೇ ಕೇಳಿಕೊಳ್ಳುತ್ತಾರೆ. ಪರದೆಯನ್ನು ಓದಲಾಗದವರಿಗೂ ಇದರಿಂದ ರಕ್ಷಣೆ ದೊರೆಯುತ್ತದೆ. ಆನಂತರ ಸೂರ್ಯನಿಗೆ ಬೆನ್ನು ಮಾಡಿ ನಿಂತು, ಎಲ್ಲರ ಮುಖಗಳೂ ಕಾಣುವಂತೆ ಮೊದಲ ಚಿತ್ರ ತೆಗೆಯಬೇಕು. ಎದುರು ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಮುಖಗಳು ಕಪ್ಪಾಗಿ, ಎಣಿಕೆಗೂ ಗುರುತಿಗೂ ಒದಗುವುದಿಲ್ಲ.

ಎರಡನೆಯ ಚಿತ್ರವನ್ನು ಮೊದಲನೆಯದಾದ ನಾಲ್ಕು ಗಂಟೆಗಳ ನಂತರ ತೆಗೆಯಬೇಕಾಗುತ್ತದೆ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಅಳತೆಯ ಕೆಲಸ ಮುಗಿಸಿದವರೂ ಇದಕ್ಕಾಗಿ ಕಾಯಬೇಕಾಗುವುದು ಕೂಲಿಕಾರರ, ಅದರಲ್ಲಿಯೂ ಎಳೆಯ ಮಕ್ಕಳ ತಾಯಂದಿರ, ನಿಜವಾದ ಕಷ್ಟ. ಬೆಳಿಗ್ಗೆ ಹಾಜರಾತಿಯನ್ನು ತಡಮಾಡದೆ ಆರಂಭಿಸಿದರೆ ಈ ಕಾಯುವಿಕೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಕೆಲಸದ ಸ್ಥಳದಲ್ಲಿ ನೆರಳು ಮತ್ತು ಕುಡಿಯುವ ನೀರಿನ ವ್ಯವಸ್ಥೆ ಕಾನೂನಿನ ಅಗತ್ಯವೆಂಬುದನ್ನು ಸದಸ್ಯರು ಇಲ್ಲಿಯೇ ನೆನೆಯಬೇಕು.

ಬಿಡುವಿನ ವೇಳೆಯಲ್ಲಿ ಸಾಧನವನ್ನು ಬಿಸಿಲಿಗೆ ಬಿಡತಕ್ಕದ್ದಲ್ಲ. ಅತಿಯಾಗಿ ಕಾದರೆ ಕ್ಯಾಮೆರಾ ಕೆಲಸ ನಿಲ್ಲಿಸಬಹುದು, ಸಾಧನವೇ ಆರಿಹೋಗಬಹುದು. ಒದ್ದೆ ಬಟ್ಟೆಯಲ್ಲಿ ಸುತ್ತುವುದು ಅಪಾಯ. ನೆರಳಿನಲ್ಲಿ ಬಟ್ಟೆಯ ಚೀಲದಲ್ಲಿ ಇಟ್ಟರೆ ಸಾಕು. ಹೂಳಿನ ಧೂಳು ಚಾರ್ಜಿಂಗ್ ರಂಧ್ರವನ್ನು ಸೇರದಂತೆ ಕವಚವಿರಬೇಕು.

ಸಂಜೆ ನೆಟ್‌ವರ್ಕ್ ಇರುವೆಡೆಗೆ ಬಂದೊಡನೆ ಅಪ್‌ಲೋಡ್ ಮಾಡಿ, ಅದು ಪೂರ್ಣಗೊಂಡ ಸೂಚನೆಯನ್ನು ಕಣ್ಣಾರೆ ನೋಡಬೇಕು. ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಅಪ್‌ಲೋಡ್ ಆಗುವವರೆಗೆ ಆ ದಿನದ ಹಾಜರಾತಿ ಇರುವುದು ಆ ಒಂದು ಸಾಧನದಲ್ಲಿ ಮಾತ್ರ. ಆ್ಯಪ್ ನಿಧಾನವಾಯಿತೆಂದು ಅದನ್ನು ಅಳಿಸಿ ಮರುಸ್ಥಾಪಿಸಿದರೆ, ಅಥವಾ ಅದರ ದತ್ತಾಂಶವನ್ನು ಅಳಿಸಿದರೆ, ಕಳುಹಿಸದೆ ಉಳಿದಿದ್ದ ಹಾಜರಾತಿಯೂ ಅದರೊಡನೆ ಹೋಗುವ ಸಂಭವವಿದೆ. ಸಾಧನವನ್ನು ರಿಪೇರಿಗೆ ಕೊಡುವ ಮುನ್ನವೂ ಇದೇ ಎಚ್ಚರ ಬೇಕು.

ಸಾಧನ ಕೆಟ್ಟ ದಿನ

ಪವರ್ ಬ್ಯಾಂಕ್ ಮತ್ತು ಬದಲಿ ಫೋನ್ ಒಂದನ್ನು ಮೊದಲೇ ಗೊತ್ತುಪಡಿಸಿರಬೇಕು. ಅವೂ ಕೈಗೂಡದಿದ್ದರೆ, ಅಸಾಧಾರಣ ಸಂದರ್ಭದಲ್ಲಿ ಹಾಜರಾತಿಯನ್ನು ಅಪ್‌ಲೋಡ್ ಮಾಡಲಾಗದಿದ್ದಾಗ ಕಾಗದದ ಹಾಜರಾತಿಗೆ ಅನುಮತಿ ನೀಡುವ ಅಧಿಕಾರ ಜಿಲ್ಲಾ ಕಾರ್ಯಕ್ರಮ ಸಂಯೋಜಕರಿಗಿದೆ. ನಮ್ಮ ರಾಜ್ಯದಲ್ಲಿ ಜಿಲ್ಲಾ ಪಂಚಾಯತ್‌ನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳೇ ಈ ಹೊಣೆಯಲ್ಲಿರುತ್ತಾರೆ.

ಈ ಅನುಮತಿಗೆ ಆಧಾರ ಬೇಕು. ಆದುದರಿಂದ ಸಾಧನ ಕೆಟ್ಟ ದಿನವೇ ಹಾಜರಿದ್ದವರ ಹೆಸರು, ಜಾಬ್ ಕಾರ್ಡ್ ಸಂಖ್ಯೆ, ಸಹಿ ಅಥವಾ ಹೆಬ್ಬೆಟ್ಟಿನ ಗುರುತನ್ನು ಹಾಳೆಯಲ್ಲಿ ಪಡೆದು, ದೋಷದ ಸ್ವರೂಪ ಮತ್ತು ಸಮಯವನ್ನು ಬರೆದು, ಪಂಚಾಯಿತಿ ಕಚೇರಿಗೆ ಒಪ್ಪಿಸಿ ಸ್ವೀಕೃತಿ ಪಡೆಯಬೇಕು. ಕಚೇರಿಯು ಅದನ್ನು ತಡಮಾಡದೆ ತಾಲ್ಲೂಕು ಪಂಚಾಯತ್ ಮೂಲಕ ಸಲ್ಲಿಸಬೇಕು. ವಾರ ಕಳೆದ ಮೇಲೆ ನೆನಪಿನಿಂದ ಬರೆದ ಪಟ್ಟಿಯನ್ನು ಯಾರೂ ನಂಬಲಾರರು. ಅಂದೇ ಬರೆದ ಹಾಳೆಯನ್ನು ತಳ್ಳಿಹಾಕುವುದು ಕಷ್ಟ. ವಾರ್ಡಿನ ಸದಸ್ಯರು ಸ್ಥಳದಲ್ಲಿದ್ದು ಆ ಹಾಳೆಗೆ ಸಾಕ್ಷಿ ಸಹಿ ಹಾಕಿದರೆ ಅದರ ಬೆಲೆ ಇನ್ನೂ ಹೆಚ್ಚುತ್ತದೆ.

ದುರ್ಬಳಕೆಯ ರೂಪಗಳು

ಸಾಧನವು ಚಿತ್ರವನ್ನು ದಾಖಲಿಸುತ್ತದೆಯೇ ಹೊರತು ಸತ್ಯವನ್ನು ತಾನಾಗಿ ಕಂಡುಹಿಡಿಯುವುದಿಲ್ಲ. 2025ರ ಜುಲೈ ತಿಂಗಳಲ್ಲಿ ಸಚಿವಾಲಯವು ರಾಜ್ಯಗಳಿಗೆ ಬರೆದ ಪತ್ರದಲ್ಲಿ ಇಂತಹ ದುರ್ಬಳಕೆಗಳನ್ನು ಗುರುತಿಸಿತು: ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರಗಳು, ಚಿತ್ರದ ಮೇಲೆಯೇ ಚಿತ್ರ ತೆಗೆದು ಹಾಕಿರುವುದು, ದಾಖಲಾದ ಸಂಖ್ಯೆಗೂ ಚಿತ್ರದಲ್ಲಿರುವವರ ಸಂಖ್ಯೆಗೂ ಹೊಂದಾಣಿಕೆಯಿಲ್ಲದಿರುವುದು, ಪುರುಷ ಮತ್ತು ಮಹಿಳೆಯರ ಸಂಖ್ಯೆಯಲ್ಲಿ ವ್ಯತ್ಯಾಸ, ಒಂದೇ ಚಿತ್ರವು ಹಲವು ಎನ್‌ಎಂಆರ್‌ಗಳಲ್ಲಿ ಕಾಣಿಸಿಕೊಳ್ಳುವುದು, ಮಧ್ಯಾಹ್ನದ ಚಿತ್ರವನ್ನೇ ತೆಗೆಯದಿರುವುದು. ಗ್ರಾಮ ಪಂಚಾಯಿತಿ ಹಂತದಲ್ಲಿ ಎಲ್ಲ ಚಿತ್ರಗಳನ್ನೂ, ಅಂದರೆ ಶೇ. 100ರಷ್ಟನ್ನು, ಪರಿಶೀಲಿಸಬೇಕೆಂದು ಅದು ಸೂಚಿಸಿತು.

ಈ ಪರಿಶೀಲನೆ ಸದಸ್ಯರಿಂದಲೂ ಆಗಬಹುದು. ನರೇಗಾ ಜಾಲತಾಣದಲ್ಲಿ ದಿನವಾರು ಹಾಜರಾತಿ ಮತ್ತು ಚಿತ್ರಗಳು ಸಾರ್ವಜನಿಕವಾಗಿ ಲಭ್ಯವಿವೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿಗಳನ್ನು ಆಯ್ದರೆ ತಮ್ಮ ವಾರ್ಡಿನ ಕಾಮಗಾರಿಯನ್ನು ಸದಸ್ಯರು ತಮ್ಮ ಫೋನಿನಲ್ಲಿಯೇ ನೋಡಬಹುದು. ಚಿತ್ರದಲ್ಲಿರುವ ತಲೆಗಳನ್ನು ಎಣಿಸಿ ಸಂಖ್ಯೆಯೊಡನೆ ಹೋಲಿಸಲು ಎರಡು ನಿಮಿಷ ಸಾಕು. ಕೊರತೆ ಕಂಡರೆ ಮೊದಲು ಕೂಲಿಕಾರರನ್ನೇ ವಿಚಾರಿಸುವುದು ಸೂಕ್ತ; ನೀರು ತರಲು ಹೋದವರು ಚಿತ್ರದಲ್ಲಿ ಇಲ್ಲದಿರಬಹುದು. ಸುಳ್ಳು ಹೆಸರುಗಳನ್ನು ತಡೆಯುವ ಭರದಲ್ಲಿ ನಿಜವಾಗಿ ದುಡಿದವರ ಕೂಲಿಗೆ ಕತ್ತರಿ ಬೀಳಬಾರದು.

ಇದೇ ವೇಳೆ ಕೂಲಿಕಾರರ ಚಿತ್ರ, ಆಧಾರ್ ಮತ್ತು ಬ್ಯಾಂಕ್ ವಿವರಗಳನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುವ ರೂಢಿ ನಿಲ್ಲಬೇಕು. ಪರಿಶೀಲನೆಗೆ ಜಾಲತಾಣವಿದೆ, ಗುಂಪಿನಲ್ಲಿ ಹರಿದಾಡಿದ ಆಧಾರ್ ಪ್ರತಿಯನ್ನು ಹಿಂದಕ್ಕೆ ಪಡೆಯಲಾಗದು.

ಸಾಮಾನ್ಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸುವುದು ಉಚಿತ.

ಪಂಚಾಯಿತಿಯಲ್ಲಿ ಎಷ್ಟು ಸಾಧನಗಳಿವೆ, ಈಗ ಯಾರ ವಶದಲ್ಲಿವೆ? ಸ್ವಂತ ಫೋನ್ ಬಳಸುತ್ತಿರುವ ಕಾಯಕ ಬಂಧುಗಳು ಎಷ್ಟು ಜನ, ಅವರ ಡೇಟಾ ವೆಚ್ಚವನ್ನು ಯಾರು ಭರಿಸುತ್ತಿದ್ದಾರೆ? ಕಳೆದ ತಿಂಗಳಲ್ಲಿ ಯಾವ ಕಾಮಗಾರಿಗಳಲ್ಲಿ ಹಾಜರಾತಿ ಅಪ್‌ಲೋಡ್ ಆಗದ ದಿನಗಳಿವೆ? ಆ ದಿನಗಳಿಗೆ ಕಾಗದದ ಹಾಜರಾತಿಯ ಕೋರಿಕೆ ಹೋಗಿದೆಯೆ, ಉತ್ತರ ಬಂದಿದೆಯೆ? ನೆಟ್‌ವರ್ಕ್ ಇಲ್ಲದ ಕೆಲಸದ ಸ್ಥಳಗಳ ಪಟ್ಟಿ ಇದೆಯೆ?

ಆರು ತಿಂಗಳಿಗೊಮ್ಮೆ ನಡೆಯಬೇಕಾದ ಸಾಮಾಜಿಕ ಪರಿಶೋಧನೆಯ ಗ್ರಾಮ ಸಭೆಯಲ್ಲಿ ಇದೇ ಉತ್ತರಗಳನ್ನು ಕೂಲಿಕಾರರ ಎದುರು ಓದಿ ಹೇಳಿದರೆ, ಬಿಟ್ಟುಹೋದ ದಿನವೊಂದನ್ನು ಗುರುತಿಸುವ ಅವಕಾಶ ಅವರಿಗೂ ದೊರೆಯುತ್ತದೆ. ಅಪ್‌ಲೋಡ್ ಆಗದ ದಿನಗಳ ಪಟ್ಟಿಯನ್ನು ಪ್ರತಿ ತಿಂಗಳೂ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸುವಂತೆ ಸದಸ್ಯರು ನಿರ್ಣಯ ಕೈಗೊಳ್ಳಬಹುದು. ಅದಕ್ಕೆ ಒಂದು ಹಾಳೆಯಷ್ಟೇ ಖರ್ಚು.