ಪಿಸ್ಟನ್ ಬಿಚ್ಚುವಾಗ ಸುತ್ತಿಗೆ ಬೇಡ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂತಾದರೂ ಹೊಸ ಗಾಡಿಯದು ಫೋರ್ ಸ್ಟ್ರೋಕ್ ಎಂಜಿನ್. ಅದರ ಸಾಮಾನು ಹಳೆಯ ಟೂ ಸ್ಟ್ರೋಕ್ ಜಾವಾ, ಯೆಜ್ಡಿಗಳಿಗೆ ಕೂರುವುದಿಲ್ಲ. ಆದ್ದರಿಂದ ಹಳೆಯ ಎಂಜಿನ್ ಬಿಚ್ಚುವಾಗ ಒಳಗಿರುವುದನ್ನು ಉಳಿಸಿಕೊಳ್ಳುವುದೇ ಮುಖ್ಯ ಕೆಲಸ. ಅದು ಕೈತಪ್ಪುವುದು ಹೆಚ್ಚಾಗಿ ಪಿಸ್ಟನ್ ತೆಗೆಯುವ ಹೊತ್ತಿನಲ್ಲಿ. ಶಿವಮೊಗ್ಗ, ಭದ್ರಾವತಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಹಿತ್ತಿಲ ಮಾಡಿನಡಿ ವರ್ಷಗಟ್ಟಲೆ ನಿಂತ ಯೆಜ್ಡಿಯ ಎರಡು ಸೈಲೆನ್ಸರ್‌ಗಳ ದಾರಿಯಾಗಿ ತೇವ ನೇರ ಬೋರಿಗೇ ಹೋಗುತ್ತದೆ. ಎರಕದ ಕಬ್ಬಿಣದ ಬೋರು ತುಕ್ಕು ಹಿಡಿಯುತ್ತದೆ, ರಿಂಗುಗಳು ಅದಕ್ಕೆ ಕಚ್ಚಿಕೊಳ್ಳುತ್ತವೆ, ಕಿಕ್ಕರ್ ಅಲ್ಲಾಡುವುದಿಲ್ಲ.

ಪಿಸ್ಟನ್ ಹೇಗೂ ಗುಜರಿಗೆ ಹೋಗುವ ಮಾಲು, ನಾಲ್ಕು ಏಟು ಬಿದ್ದರೆ ಏನಾಯಿತು ಎಂದು ಕೇಳುವವರಿದ್ದಾರೆ. ಪಿಸ್ಟನ್ನಿನ ಮಟ್ಟಿಗೆ ಆ ಮಾತು ಸರಿಯೇ, ಆದರೆ ಏಟು ಅಲ್ಲಿಗೇ ನಿಲ್ಲುವುದಿಲ್ಲ. ಗಜನ್ ಪಿನ್ನಿಗೆ ಅಡ್ಡಲಾಗಿ ಬಿದ್ದ ಏಟು ಕನೆಕ್ಟಿಂಗ್ ರಾಡನ್ನು ಓರೆ ಮಾಡಬಲ್ಲದು, ಕೆಳಗಿನ ಬೇರಿಂಗನ್ನೂ ಕೆಡಿಸಬಲ್ಲದು. ಈ ಎಂಜಿನ್‌ಗಳ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಚಕ್ರಗಳನ್ನು ನಡುವಿನ ಪಿನ್ನಿಗೆ ಪ್ರೆಸ್‌ನಲ್ಲಿ ಒತ್ತಿ ಕೂರಿಸಿದ್ದು. ಅವು ಕೂದಲೆಳೆಯಷ್ಟು ಜರುಗಿದರೂ ಎಂಜಿನ್ ನಡುಗುತ್ತದೆ, ಮತ್ತೆ ಸರಿಮಾಡಲು ಪ್ರೆಸ್ಸೂ ಡಯಲ್ ಗೇಜೂ ಬೇಕು. ಕ್ರ್ಯಾಂಕನ್ನೂ ಹೇಗೂ ಹೊಸದಾಗಿ ಕಟ್ಟಿಸುತ್ತೇವಲ್ಲ ಎನ್ನುವವರ ವಾದಕ್ಕೆ ಸ್ವಲ್ಪ ಬಲವಿದೆ. ಆದರೂ ಬೋರಿನ ಪ್ರಶ್ನೆ ಉಳಿಯುತ್ತದೆ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಗೆ ಹೇಳಿಕೊಡಬೇಕಾಗಿಲ್ಲ: ಎರಕದ ಕಬ್ಬಿಣ ಸವೆತಕ್ಕೆ ಗಟ್ಟಿ, ಏಟಿಗೆ ಮಾತ್ರ ಬಾಗದೆ ಒಡೆಯುತ್ತದೆ. ತುಂಡಾದ ಫಿನ್ನನ್ನು ಬೆಸೆಯುವುದೂ ಸುಲಭವಲ್ಲ.

ಹಾಗಾದರೆ ತೆಗೆಯುವುದು ಹೇಗೆ? ಕಚ್ಚಿಕೊಂಡ ಪಿಸ್ಟನ್ನಿನ ಮೇಲೆ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಸುರಿದು ದಿನಗಟ್ಟಲೆ ಬಿಡಬೇಕು. ಆಮೇಲೂ ಬರದಿದ್ದರೆ, ಎಣ್ಣೆ ಒರೆಸಿ ತೆಗೆದು, ಬೋರನ್ನು ಹೊರಗಿನಿಂದ ಮಾತ್ರ ಹದವಾಗಿ ಬಿಸಿ ಮಾಡಬೇಕು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಪಿಸ್ಟನ್ನೂ ಕಾದರೆ ಬಿಗಿ ಇನ್ನಷ್ಟು ಹೆಚ್ಚುತ್ತದೆ. ಬೋರನ್ನು ಮೇಲೆತ್ತುವಾಗ ತಿರುಗಿಸಲೇಬಾರದು: ತಿರುಗಿಸಿದರೆ ರಿಂಗಿನ ತುದಿ ಪೋರ್ಟಿನ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಬೋರು ಸ್ವಲ್ಪ ಎದ್ದೊಡನೆ ಕ್ರ್ಯಾಂಕ್ ಕೇಸಿನ ಬಾಯಿಗೆ ಶುದ್ಧ ಬಟ್ಟೆ ತುರುಕಬೇಕು. ಗಜನ್ ಪಿನ್ನಿನ ಎರಡೂ ತುದಿಯ ಲಾಕುಗಳು ಚಿಮ್ಮಿ ಒಳಗೆ ಬಿದ್ದರೆ ಇಡೀ ಕೇಸು ಬಿಚ್ಚಬೇಕಾಗಬಹುದು. ಒಮ್ಮೆ ತೆಗೆದ ಲಾಕನ್ನು ಮತ್ತೆ ಹಾಕಬಾರದು. ಪಿನ್ನಿನ ವಿಷಯದಲ್ಲಿ ಅದೇ ಹಿಗ್ಗುವ ಗುಣ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಕುದಿನೀರಲ್ಲಿ ಅದ್ದಿದ ಬಟ್ಟೆಯನ್ನು ಪಿಸ್ಟನ್ನಿಗೆ ಸುತ್ತಿದರೆ ಉಕ್ಕಿನ ಪಿನ್ನಿಗಿಂತ ಅದರ ರಂಧ್ರ ಬೇಗ ಅಗಲವಾಗುತ್ತದೆ. 16 ಮಿ.ಮೀ. ಪಿನ್ನು ಎಂದುಕೊಂಡರೆ ಸಿಗುವ ಸಡಿಲ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಅಷ್ಟೇ ಸಾಕು. ಪಿನ್ನಿನೊಳಗೆ ಉದ್ದ ಬೋಲ್ಟು ತೂರಿಸಿ, ಒಂದು ಬದಿಗೆ ಪಿನ್ನಿಗಿಂತ ದಪ್ಪನೆಯ ಪೈಪಿನ ತುಂಡನ್ನು ಆನಿಸಿ, ನಟ್ಟು ಬಿಗಿಸುತ್ತ ಹೋದರೆ ಪಿನ್ನು ಏಟಿಲ್ಲದೆ ಪೈಪಿನೊಳಕ್ಕೆ ಬರುತ್ತದೆ.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಎಂಬುದು ಗ್ಯಾರೇಜಿನ ನ್ಯಾಯವಾದ ದೂರು. ದಿನವಿಡೀ ಕಾಯುವ ಕೆಲಸಕ್ಕೆ ಗಿರಾಕಿ ಕೂಲಿ ಕೊಡಲೊಪ್ಪುವುದಿಲ್ಲ. ಆದರೆ ಕೆಡದೆ ಹೊರಬಂದ ಪಿಸ್ಟನ್ನಿನಿಂದ ಇನ್ನೊಂದು ಲಾಭವಿದೆ. ಸೈಲೆನ್ಸರ್ ಬದಿಯ ಉಜ್ಜಿದ ಗೀರು ಅತಿಯಾದ ಬಿಸಿಯನ್ನೋ ಆಯಿಲ್ ಕೊರತೆಯನ್ನೋ ಹೇಳುತ್ತದೆ, ಕಾರ್ಬ್ಯುರೇಟರ್ ಬದಿಯ ಸವೆತ ಫಿಲ್ಟರ್ ದಾಟಿ ಬಂದ ದೂಳನ್ನು ತೋರಿಸುತ್ತದೆ. ಕಾರಣ ಹುಡುಕದೆ ಹೊಸ ಪಿಸ್ಟನ್ ಹಾಕಿದರೆ ಅದಕ್ಕೂ ಅದೇ ಗತಿ. 65 ಮಿ.ಮೀ. ಬೋರನ್ನು ಓವರ್‌ಸೈಜಿಗೆ ಕೊರೆಯಲು ಇರುವ ಅವಕಾಶಗಳು ಕೆಲವೇ, ಅವು ಮುಗಿದ ಮೇಲೆ ಸ್ಲೀವ್ ಹಾಕಿಸಬೇಕು. ಬೋರಿಂಗಿಗೆ ಒಯ್ಯುವಾಗಲೂ ಹೊಸ ಪಿಸ್ಟನ್ ಜೊತೆಗಿರಲಿ; ಅದನ್ನು ಅಳೆದು, ಅದಕ್ಕೆ ತಕ್ಕ ಸಡಿಲ ಬಿಟ್ಟೇ ಲೇತಿನವರು ಬೋರು ಕೊರೆಯಬೇಕು.